ಮಗನ ಮುಂದೆ ಹೇಳಲಾಗದ ಮಾತು



ಇಂದಿನ ವಿಷಯ ಕೇಳಿ ಕೆಲವರು ರೇಡಿಯೋದ ಸದ್ದು ತಗ್ಗಿಸಬಹುದು. ತಗ್ಗಿಸಿರಿ, ಆದರೆ ಬಂದ್ ಮಾಡಬೇಡಿರಿ. ವಯಸ್ಸು 45-50 ದಾಟಿದ ಗಂಡ-ಹೆಂಡಿರ ದೇಹಸಂಬಂಧದ ಬಗ್ಗೆ ನಾಲ್ಕು ಮಾತು ಹೇಳುವುದಿದೆ.

ಅಕ್ಕಲಕೋಟೆ, ಜತ್ತ, ದಕ್ಷಿಣ ಸೋಲಾಪುರದ ಎಷ್ಟೋ ಹಳ್ಳಿಗಳಲ್ಲಿ ಮನೆಮಾತು ಕನ್ನಡ, ದವಾಖಾನೆಯ ಮಾತು ಮರಾಠಿ. ಪೇಟೆಗೆ ಹೋಗಿಬರುವ ಗಂಡಸರಿಗೆ ಎರಡೂ ಸಲೀಸು. ಹೊಲ-ಮನೆಯಲ್ಲೇ ಬಾಳಿದ ತಾಯಂದಿರಿಗೆ ಸಂತೆಯ ಮರಾಠಿ ಬರುತ್ತದೆ, ಮೈಯೊಳಗಿನ ನೋವು ಹೇಳುವ ಮರಾಠಿ ಬರುವುದಿಲ್ಲ. ಹಾಗಾಗಿ ಜೊತೆಗೆ ಮಗ ಹೋಗುತ್ತಾನೆ. "ಕಾಯ್ ತ್ರಾಸ ಆಹೇ?" ಎಂದು ಡಾಕ್ಟರರು ಕೇಳುತ್ತಾರೆ. ಮಗ ಅದನ್ನೇ ಕನ್ನಡದಲ್ಲಿ ಕೇಳುತ್ತಾನೆ. ತಾಯಿ, "ಮೊಣಕಾಲು ನೋಯತಾವ" ಅನ್ನುತ್ತಾಳೆ. ಮೊಣಕಾಲಿಗೆ ಗುಳಿಗೆ ಸಿಗುತ್ತದೆ. ಹೇಳಬೇಕೆಂದು ಬಂದ ಮಾತು ಸೆರಗಿನ ಗಂಟಿನಲ್ಲೇ ಊರಿಗೆ ಮರಳುತ್ತದೆ.

ದಾದಿಯಾಗಿ ಕೆಲಸ ಮಾಡಿದ ನಾನೂ ಇದರಲ್ಲಿ ತಪ್ಪಿತಸ್ಥಳೇ. ಗರ್ಭಚೀಲ ತೆಗೆಸಿಕೊಂಡಿದ್ದ 52ರ ಒಬ್ಬ ಹೆಣ್ಣುಮಗಳು, ನಾನು ಕನ್ನಡದವಳೆಂದು ಗೋಡೆಯ ಮರೆಗೆ ಕರೆದು, "ಇನ್ನ ಮ್ಯಾಲೆ ಅವರ ಕಡೆ ಹೋಗಬಹುದೇನ್ರೀ?" ಎಂದು ಕೇಳಿದಳು. "ಮೊಮ್ಮಕ್ಕಳನ್ನ ಆಡಿಸೋ ವಯಸ್ಸು, ಇನ್ಯಾಕವ್ವ ಅದೆಲ್ಲ?" ಎಂದು ನಕ್ಕುಬಿಟ್ಟೆ. ಆಕೆಯೂ ನಕ್ಕಳು. ಮತ್ತೆಂದೂ ನನ್ನನ್ನು ಏನೂ ಕೇಳಲಿಲ್ಲ. ಉತ್ತರವೇನೋ ನನಗೆ ಗೊತ್ತಿತ್ತು. ಗಾಯ ಮಾಯಲು ಸುಮಾರು 6 ವಾರ ಬಿಡಬೇಕು, ಡಾಕ್ಟರರು ನೋಡಿ ಸರಿ ಅಂದಮೇಲೆ ಅಡ್ಡಿಯಿಲ್ಲ. ಗರ್ಭಚೀಲದ ಜೊತೆ ಆಸೆಯನ್ನು ಯಾರೂ ಕತ್ತರಿಸಿ ತೆಗೆಯುವುದಿಲ್ಲ. ಇಷ್ಟು ಹೇಳಲು ಅರ್ಧ ನಿಮಿಷ ಸಾಕಿತ್ತು.

ನಮ್ಮ ದೇಶದ ಹೆಂಗಸರಿಗೆ ಸಾಮಾನ್ಯವಾಗಿ 46-47ರ ಆಸುಪಾಸಿನಲ್ಲಿ ಮುಟ್ಟು ನಿಲ್ಲುತ್ತದೆ. ಸತತ 12 ತಿಂಗಳು ಆಗದಿದ್ದರೆ ಮಾತ್ರ ನಿಂತಿತೆಂದು ಲೆಕ್ಕ. ಅಲ್ಲಿಯವರೆಗೆ ಬಸಿರಾಗುವ ಸಾಧ್ಯತೆ ಇದ್ದೇ ಇದೆ. ಈಸ್ಟ್ರೋಜನ್ ಎಂಬ ರಸ ಕಡಿಮೆಯಾಗಿ ಒಳಗಿನ ಚರ್ಮ ತೆಳುವಾಗುತ್ತದೆ, ಒಣಗುತ್ತದೆ. ಕೂಡುವಾಗ ಉರಿ, ನೋವು. ಪದೇ ಪದೇ ಉರಿಮೂತ್ರವೂ ಆಗಬಹುದು. ಹೆಂಡತಿ ನೋವಿಗೆ ಹೆದರಿ ದೂರ ಸರಿಯುತ್ತಾಳೆ, ಗಂಡ ಬೇಸರವೆಂದು ತಿಳಿಯುತ್ತಾನೆ. ಇಬ್ಬರೂ ಬಾಯಿ ಬಿಡುವುದಿಲ್ಲ. ಔಷಧದ ಅಂಗಡಿಯಲ್ಲಿ ಸಿಗುವ ನೀರಿನ ಮೂಲದ ಜೆಲ್ಲಿಯಿಂದ ಅನೇಕರಿಗೆ ಸಾಕಷ್ಟು ಆರಾಮ ಸಿಗುತ್ತದೆ. ಸಾಲದಿದ್ದರೆ ಡಾಕ್ಟರರು ಹಚ್ಚುವ ಮುಲಾಮು ಬರೆದುಕೊಡುತ್ತಾರೆ. ಆದರೆ ಮುಟ್ಟು ನಿಂತಮೇಲೆ ಒಂದು ಹನಿ ರಕ್ತ ಕಂಡರೂ, ಕೂಡಿದ ಮೇಲೆ ರಕ್ತ ಕಂಡರೂ, ತಡಮಾಡದೆ ತೋರಿಸಿರಿ. ಗರ್ಭಕೊರಳಿನ ಕ್ಯಾನ್ಸರ್ ಹೀಗೆ ಸುಳಿವು ಕೊಡುವುದುಂಟು. ಮೊಣಕಾಲಿನ ನೆಪ ಹೇಳಿ ಮರಳಿದ ತಾಯಿಯೊಬ್ಬಳು ಈ ಸುಳಿವನ್ನೇ ಮುಚ್ಚಿಟ್ಟಿದ್ದರೆ?

ಗಂಡಸರ ಮಾತಿಗೆ ಬರುತ್ತೇನೆ. ವಯಸ್ಸಾದಂತೆ ಗಡಸು ತಡವಾಗಿ ಬರುವುದು, ಬೇಗ ಇಳಿಯುವುದು ಸಹಜ. ತಿಂಗಳುಗಟ್ಟಲೆ ಬರುವುದೇ ಇಲ್ಲವೆಂದರೆ ಅದನ್ನು ಗಂಡಸುತನದ ಸೋಲೆನ್ನಬೇಡಿರಿ, ರಕ್ತನಾಳಗಳನ್ನು ಪರೀಕ್ಷಿಸಿಕೊಳ್ಳಿರಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೀಡಿ ಇವು ಸಣ್ಣ ನಾಳಗಳನ್ನು ಮೊದಲು ಕೆಡಿಸುತ್ತವೆ. ಹೃದಯದ ತೊಂದರೆಗೆ ಕೆಲವು ವರ್ಷ ಮುಂಚೆಯೇ ಈ ಸೂಚನೆ ಬರುವುದುಂಟು. ಒತ್ತಡದ ಕೆಲವು ಗುಳಿಗೆಗಳಿಂದಲೂ ಹೀಗಾದೀತು. ನೀವಾಗಿಯೇ ನಿಲ್ಲಿಸಬೇಡಿರಿ, ಬದಲಿಸಿ ಕೊಡಿರೆಂದು ಕೇಳಿರಿ. 1998ರಲ್ಲಿ ಬಳಕೆಗೆ ಬಂದ ಸಿಲ್ಡೆನಾಫಿಲ್ ಗುಳಿಗೆ ಅನೇಕರಿಗೆ ನೆರವಾಗಿದೆ. ಆದರೆ ಎದೆನೋವಿಗೆ ನಾಲಿಗೆಯ ಕೆಳಗೆ ನೈಟ್ರೇಟ್ ಗುಳಿಗೆ ಇಟ್ಟುಕೊಳ್ಳುವವರು ಅದನ್ನು ಮುಟ್ಟಲೇಬಾರದು. ಎರಡೂ ಸೇರಿದರೆ ಒತ್ತಡ ಒಮ್ಮೆಲೇ ಕುಸಿದು ಪ್ರಾಣ ಹೋಗಬಹುದು. ಗೆಳೆಯ ಕೊಟ್ಟನೆಂದು ನುಂಗಬೇಡಿರಿ.

ಮರಾಠಿಯಲ್ಲಿ ರ. ಧೋಂ. ಕರ್ವೆಯವರು 1927ರಿಂದ 1953ರವರೆಗೆ 'ಸಮಾಜಸ್ವಾಸ್ಥ್ಯ' ಮಾಸಿಕ ನಡೆಸಿ ಇಂಥ ಪ್ರಶ್ನೆಗಳಿಗೆ ಉತ್ತರ ಕೊಟ್ಟರು. ಅದಕ್ಕಾಗಿ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. 1934ರಲ್ಲಿ ಅವರ ಪರವಾಗಿ ವಾದಿಸಿದವರು ಡಾ. ಅಂಬೇಡ್ಕರರು. ಕನ್ನಡದಲ್ಲಿ ಡಾ. ಅನುಪಮಾ ನಿರಂಜನರ 'ದಾಂಪತ್ಯ ದೀಪಿಕೆ' ಇದೆ. ಎರಡೂ ಭಾಷೆ ಬಲ್ಲ ನಾವು ಎರಡು ಮನೆಯ ಆಸ್ತಿಗೆ ಬಾಧ್ಯಸ್ಥರು. ಆದರೆ ಓದುವುದು ಬಸ್ ನಿಲ್ದಾಣದ ಗೋಡೆಯ ಮೇಲಿನ 'ಗುಪ್ತರೋಗ'ದ ಜಾಹೀರಾತನ್ನು!

ಇನ್ನು ನಮ್ಮ ಮನೆಗಳ ರೀತಿ. ಮಗನ ಮದುವೆಯಾದ ದಿನ ಒಳಕೋಣೆ ಮಗ-ಸೊಸೆಗೆ. ಅಪ್ಪನ ಹಾಸಿಗೆ ಕಟ್ಟೆಗೆ, ಮುಂದೆ ಅವ್ವನ ಹಾಸಿಗೆ ಮೊಮ್ಮಕ್ಕಳ ನಡುವೆ. ನಿಮಗಿದು ಒಪ್ಪಿಗೆಯೇ ಎಂದು ಯಾರೂ ಅವರನ್ನು ಕೇಳಿರುವುದಿಲ್ಲ. ಕೆಲವರಿಗೆ ಒಪ್ಪಿಗೆಯೇ ಇರಬಹುದು; ಹೆಂಡತಿ ಬೇಡವೆಂದರೆ ಅಲ್ಲಿಗೆ ಮುಗಿಯಿತು, ಒತ್ತಾಯ ಸಲ್ಲದು. ಬೇಕೆನ್ನುವ ಇಬ್ಬರಿಗೆ ಕದ ಹಾಕಿಕೊಳ್ಳುವ ಒಂದು ಕೋಣೆ ಬೇಡವೇ? ಬರೀ ಬೆನ್ನಿಗೆ ಎಣ್ಣೆ ತಿಕ್ಕಿಸಿಕೊಂಡು ಮಾತಾಡುತ್ತ ಮಲಗುವುದಕ್ಕಾದರೂ?

ಮುಂದಿನ ಸಲ ದವಾಖಾನೆಗೆ ಹೋದಾಗ ಮಗನನ್ನು ಹೊರಗಿನ ಬಾಕಿನ ಮೇಲೆ ಕೂಡಿಸಿ ಒಳಗೆ ಹೋಗಿರಿ. ಊರಿನ ಆಶಾ ಕಾರ್ಯಕರ್ತೆ ಕನ್ನಡ ಬಲ್ಲವಳಾದರೆ ಆಕೆಯನ್ನು ಕರೆದೊಯ್ಯಿರಿ. ಯಾರೂ ಸಿಗದಿದ್ದರೆ ಎರಡೇ ವಾಕ್ಯದ ಮರಾಠಿ ಸಾಕು. ಮೊದಲನೆಯದು, "ಮಲಾ ತುಮಚ್ಯಾಶೀ ಏಕಟೀನಂ ಬೋಲಾಯಚಂ ಆಹೇ." ನಿಮ್ಮ ಕೂಡ ಒಬ್ಬಳೇ ಮಾತಾಡಬೇಕು ಎಂದರ್ಥ. ಗಂಡಸರು 'ಏಕಟ್ಯಾನಂ' ಅನ್ನಿರಿ. ಎರಡನೆಯದು, "ಸಂಬಂಧಾಚ್ಯಾ ವೇಳೀ ದುಖತಂ." ಕೂಡುವಾಗ ನೋಯುತ್ತದೆ. ಉಳಿದುದನ್ನು ಡಾಕ್ಟರರೇ ಕೇಳುತ್ತಾರೆ. ಬಾಯಿಗೆ ಬಾರದಿದ್ದರೆ ಚೀಟಿ ಕೊಡಿರಿ. ಇನ್ನೊಮ್ಮೆ ಸಾವಕಾಶ ಹೇಳುತ್ತೇನೆ, ಬರೆದುಕೊಳ್ಳಿರಿ: ಮಲಾ... ತುಮಚ್ಯಾಶೀ... ಏಕಟೀನಂ... ಬೋಲಾಯಚಂ ಆಹೇ.