ಕೆರೆಕಟ್ಟೆಯಿಂದ ಜಿನೀವಾಕ್ಕೆ ಹೋಗಬೇಕಾದ ಕಾಗದ

ಪ್ರಾಂಶುಪಾಲರೇ, ಅಧ್ಯಾಪಕರೇ, ಮಕ್ಕಳ ಪದವಿ ಪ್ರದಾನ ಕಣ್ತುಂಬಿಕೊಳ್ಳಲು ಕೊಪ್ಪ, ಶೃಂಗೇರಿ, ಎನ್.ಆರ್. ಪುರದ ಮೂಲೆಮೂಲೆಯಿಂದ ಬಂದಿರುವ ತಾಯ್ತಂದೆಯರೇ, ಪದವೀಧರ ಮಿತ್ರರೇ,

ನಿಮ್ಮಲ್ಲಿ ಕೆಲವರನ್ನಾದರೂ ಒಂದು ಕೆಲಸಕ್ಕೆ ಕರೆಯಬೇಕೆಂದೇ ಇಲ್ಲಿಗೆ ಬಂದಿದ್ದೇನೆ. ಜನಾಂಗೀಯ ತಾರತಮ್ಯದ ವಿರುದ್ಧದ ಅಂತರರಾಷ್ಟ್ರೀಯ ಕೆಲಸಕ್ಕೆ ಜನ ಸಾಲದು. ಮಲೆನಾಡನ್ನು ಬಲ್ಲವರಂತೂ ತೀರಾ ಕಡಿಮೆ.

ಜನಾಂಗೀಯ ತಾರತಮ್ಯವನ್ನು ತೊಡೆದುಹಾಕುವ ಒಪ್ಪಂದವನ್ನು ವಿಶ್ವಸಂಸ್ಥೆ 1965ರಲ್ಲಿ ಅಂಗೀಕರಿಸಿತು. ಭಾರತ 1968ರಲ್ಲಿ ಸ್ಥಿರೀಕರಿಸಿತು. ಮೈಬಣ್ಣದ ಜೊತೆಗೆ ಹುಟ್ಟಿದ ವಂಶದ ಕಾರಣಕ್ಕೆ ಮಾಡುವ ಭೇದವೂ ಅದರ ವ್ಯಾಪ್ತಿಗೆ ಬರುತ್ತದೆ. ಜಾತಿಯೂ ಇದರಲ್ಲಿ ಸೇರುತ್ತದೆ ಎಂದು ಒಪ್ಪಂದದ ಸಮಿತಿ 2002ರಲ್ಲಿ ಹೇಳಿತು. ನಮ್ಮ ಸರ್ಕಾರ ಅದನ್ನು ಒಪ್ಪಿಲ್ಲ, ನಾನು ಒಪ್ಪುತ್ತೇನೆ. 180ಕ್ಕೂ ಹೆಚ್ಚು ದೇಶಗಳ ಮೇಲೆ ಕಣ್ಣಿಡಬೇಕಾದ ಆ ಸಮಿತಿಯಲ್ಲಿರುವುದು 18 ಜನ. ವರ್ಷಕ್ಕೆ ಕೆಲವೇ ವಾರ ಅವರು ಜಿನೀವಾದಲ್ಲಿ ಸೇರುತ್ತಾರೆ. ಎರಡು ವರ್ಷಕ್ಕೊಮ್ಮೆ ವರದಿ ಕೊಡಬೇಕಾದ ಭಾರತದ 15ರಿಂದ 19ನೆಯವರೆಗಿನ ವರದಿಗಳು ಒಟ್ಟಾಗಿ ಅವರ ಮುಂದೆ ಪರಿಶೀಲನೆಗೆ ಬಂದದ್ದು 2007ರಲ್ಲಿ.

ನೊಂದ ವ್ಯಕ್ತಿ ತಾನೇ ಈ ಸಮಿತಿಗೆ ದೂರು ಕೊಡುವ ಅವಕಾಶವನ್ನು 14ನೇ ವಿಧಿ ಕೊಡುತ್ತದೆ. ಅದಕ್ಕೆ ಆಯಾ ದೇಶದ ಒಪ್ಪಿಗೆ ಬೇಕು, ಭಾರತ ಅದನ್ನು ಕೊಟ್ಟಿಲ್ಲ. ಹಾಗಾಗಿ ನಮ್ಮ ಕಾಡಂಚಿನ ಕುಟುಂಬದ ಮಾತು ಅಲ್ಲಿಗೆ ಮುಟ್ಟಬೇಕಾದರೆ ಜನಸಂಘಟನೆಗಳು ಸಲ್ಲಿಸುವ ಪರ್ಯಾಯ ವರದಿಯೇ ಮುಖ್ಯ ದಾರಿ. ಆ ವರದಿಗೆ ಬೇಕಾದ ಕಾಗದ ಹುಟ್ಟುವುದು ಇಲ್ಲಿ.

ಶೃಂಗೇರಿ ತಾಲ್ಲೂಕಿನ ಕೆರೆಕಟ್ಟೆಯ ಕಡೆ ನೋಡಿ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡಿನಲ್ಲಿ ತಲೆಮಾರುಗಳಿಂದ ಬಾಳಿದ ಮಲೆಕುಡಿಯ, ಗೌಡಲು ಬುಡಕಟ್ಟುಗಳ ಜನರು ಅರಣ್ಯ ಹಕ್ಕಿನ ಅರ್ಜಿಯ ಜೊತೆ ತಾವು ಅಲ್ಲಿಯವರೇ ಎಂದು ರುಜುವಾತು ಕೊಡಬೇಕು. 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳ ಪ್ರಕಾರ ಹಳೆಯ ಮನೆಯ ಪಾಯ, ಬಾವಿ, ಸಮಾಧಿ, ಪೂಜೆಯ ಜಾಗ ಇವೂ ಸಾಕ್ಷ್ಯ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷ್ಯ. ಆದರೆ ಬರೆದುಕೊಳ್ಳುವುದು ಸುಲಭವಲ್ಲ. ಅಜ್ಜಿ ಇಸವಿ ಹೇಳುವುದಿಲ್ಲ, ಸೇತುವೆ ಕಟ್ಟುವ ಮುಂಚೆ ಮದುವೆಯಾಗಿ ಬಂದೆ ಎನ್ನುತ್ತಾರೆ. ಆ ಸೇತುವೆ ಯಾವುದು, ಕಟ್ಟಿದ್ದು ಯಾವಾಗ ಎಂದು ಪಂಚಾಯಿತಿಯಲ್ಲಿ ವಿಚಾರಿಸಬೇಕು. ಬರೆದದ್ದನ್ನು ಅಜ್ಜಿಗೆ ಪೂರ್ತಿ ಓದಿ ಹೇಳಿ, ತಪ್ಪಿದ್ದರೆ ತಿದ್ದಿ, ಆಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಕು. ಅವಸರದಲ್ಲಿ ಬರೆದ ಹೇಳಿಕೆ, ಅರ್ಜಿ ಪರಿಶೀಲಿಸುವ ಉಪವಿಭಾಗ ಸಮಿತಿಯ ಮುಂದೆಯೂ ನಿಲ್ಲದು, ಜಿನೀವಾದಲ್ಲಿಯೂ ನಿಲ್ಲದು.

ದೂರದ ಕಚೇರಿಯಲ್ಲಿ ಕೂತು ಹಾಕುವ ಯೋಜನೆ ಎಡವುವುದು ಈ ಹಂತದಲ್ಲೇ. ಜೂನ್‌ನಲ್ಲಿ ಜನರನ್ನು ನೇಮಿಸಿ ಸೆಪ್ಟೆಂಬರ್‌ಗೆ ವರದಿ ಕೇಳಿದರೆ ನಮ್ಮ ಮಳೆಗಾಲದಲ್ಲಿ ಯಾರು ಯಾವ ಮನೆ ಮುಟ್ಟಿಯಾರು? ಹನ್ನೊಂದು ತಿಂಗಳ ಗುತ್ತಿಗೆಯಾದರೆ ಜನ ಮನಸ್ಸು ಬಿಚ್ಚಿ ಮಾತಾಡುವ ಹೊತ್ತಿಗೆ ಬರೆಯುವವರು ಊರು ಬಿಟ್ಟಿರುತ್ತಾರೆ. ಕನಿಷ್ಠ ಮೂರು ವರ್ಷದ ಸಂಬಳ, ಓಡಾಟದ ಖರ್ಚು, ಕಾನೂನು ಬಲ್ಲ ಒಬ್ಬರು, ಜನರಾಡುವ ನುಡಿ ಬಲ್ಲ ಒಬ್ಬರು ಇಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು. ಇನ್ನೊಂದು ಮಾತನ್ನು ಖಾರವಾಗಿಯೇ ಹೇಳುತ್ತೇನೆ. ಹಸಲರು, ಮಲೆಕುಡಿಯರಂಥ ಬುಡಕಟ್ಟುಗಳ ಮಕ್ಕಳನ್ನು ದಾರಿ ತೋರಿಸಲು, ಮಾಹಿತಿ ಕೊಡಲು ಬಳಸಿಕೊಂಡು, ಹುದ್ದೆ ಮತ್ತು ಸಂಬಳ ಮಾತ್ರ ಹೊರಗಿನವರಿಗೆ ಕೊಡುವುದು ಕೂಡ ತಾರತಮ್ಯವೇ. ಆ ಮನೆಗಳಿಂದ ಪದವಿ ಪಡೆದವರು ಈ ಸಭೆಯಲ್ಲಿದ್ದರೆ, ಹುದ್ದೆಯ ಮೊದಲ ಹಕ್ಕು ನಿಮ್ಮದು. ಇಂಗ್ಲಿಷ್ ಬರದೆಂದು ಹಿಂಜರಿಯಬೇಡಿ. ವರದಿಯ ಇಂಗ್ಲಿಷ್ ತಿದ್ದಿಕೊಡುವವರು ಸಿಗುತ್ತಾರೆ, ಅಜ್ಜಿಯ ಮಾತು ತಿಳಿಯುವವರು ಸಿಗುವುದಿಲ್ಲ.

ಪ್ರಾಂಶುಪಾಲರಲ್ಲಿ ಒಂದು ಕೋರಿಕೆ. ಅರಣ್ಯ ಹಕ್ಕಿನ ಅರ್ಜಿಯ ಬಗ್ಗೆ ಗ್ರಾಮಸಭೆಯ ಅಥವಾ ಉಪವಿಭಾಗ ಸಮಿತಿಯ ತೀರ್ಮಾನದ ವಿರುದ್ಧ ಮೇಲಿನ ಸಮಿತಿಗೆ ಹೋಗಲು ಇರುವ ಗಡುವು 60 ದಿನ. ತಿರಸ್ಕಾರದ ಹಿಂಬರಹ ಹಿಡಿದು ಬಂದವರಿಗೆ ಅದನ್ನು ಓದಿ ಹೇಳಿ, ಮೇಲ್ಮನವಿ ಬರೆದುಕೊಡಲು ಕಾಲೇಜಿನ ಒಂದು ಕೋಣೆಯನ್ನು ವಾರಕ್ಕೊಂದು ದಿನ ತೆರೆದಿಡಿ. ಸಂತೆಯ ದಿನವಾದರೆ ಒಳ್ಳೆಯದು, ಹೇಗೂ ಅವರು ಪೇಟೆಗೆ ಬಂದಿರುತ್ತಾರೆ.