ಎರಡು ಅಂಗೈಯಷ್ಟು ನೆಲ

ಮೋಟಾರ್ ಸೈಕಲ್ಲನ್ನು ಹೊಗಳುವಾಗ ನಾವು ಸಾಮಾನ್ಯವಾಗಿ ಅದರ ಎಂಜಿನ್ನಿನ ಶಕ್ತಿಯನ್ನು ಹೇಳುತ್ತೇವೆ, ವೇಗವನ್ನು ಹೇಳುತ್ತೇವೆ, ರೂಪವನ್ನು ಹೇಳುತ್ತೇವೆ. ಆದರೆ ಆ ಶಕ್ತಿಯೂ ವೇಗವೂ ನೆಲವನ್ನು ಮುಟ್ಟುವುದು ಎರಡು ಟೈರುಗಳ ಮೂಲಕ. ಒಂದೊಂದು ಟೈರು ನೆಲಕ್ಕೆ ಒತ್ತಿಕೊಂಡಿರುವ ಜಾಗ ಸುಮಾರು ಒಂದು ಅಂಗೈಯಷ್ಟು. ಈ ಎರಡು ಅಂಗೈಗಳ ಮೇಲೆ ಒಬ್ಬ ಮನುಷ್ಯನ ಪ್ರಾಣ ನಿಂತಿದೆ ಎಂಬುದನ್ನು ನೆನೆದರೆ, ಟೈರಿನ ಆಯ್ಕೆ ಅಂಗಡಿಯವನ ಮಾತಿಗೆ ಬಿಟ್ಟುಬಿಡುವ ವಿಷಯವಲ್ಲವೆಂಬುದು ಮನದಟ್ಟಾಗುತ್ತದೆ.

ವೇಗದ ಹಂಬಲ ತಾರುಣ್ಯಕ್ಕೆ ಸಹಜ. ಅದಕ್ಕೆ ಊರ ರಸ್ತೆ ತಕ್ಕ ಸ್ಥಳವಲ್ಲ. ಅಲ್ಲಿ ಮಕ್ಕಳಿದ್ದಾರೆ, ದನಗಳಿವೆ, ತಿರುವಿನಾಚೆ ಚೆಲ್ಲಿದ ಮರಳಿದೆ. ಹಿಂದೆ ದಕ್ಷಿಣ ಭಾರತದ ಸವಾರರು ಮದರಾಸಿನ ಸಮೀಪದ ಷೋಲಾವರಂ ವಿಮಾನಪಟ್ಟಿಯಲ್ಲಿ ಪಂದ್ಯಗಳಿಗೆ ಸೇರುತ್ತಿದ್ದರು. 1990ರಲ್ಲಿ ಶ್ರೀಪೆರಂಬದೂರಿನ ಬಳಿಯ ಇರುಂಗಾಟ್ಟುಕೋಟೈಯಲ್ಲಿ ಸುಮಾರು 3.7 ಕಿಲೋಮೀಟರ್ ಉದ್ದದ ಪಥ ಸಿದ್ಧವಾಯಿತು. ಕೊಯಮತ್ತೂರಿನ ಬಳಿ ಕರಿ ಮೋಟಾರ್ ಸ್ಪೀಡ್‌ವೇ ಇದೆ. ಬೆಂಗಳೂರಿನ ಸವಾರರಿಗೆ ಇವೆರಡೂ ಒಂದು ದಿನದ ಪಯಣದಲ್ಲಿ ತಲುಪಬಹುದಾದ ತಾಣಗಳು. ಇಲ್ಲಿ ನಡೆಯುವ ‘ಟ್ರ್ಯಾಕ್ ಡೇ’ ಪಂದ್ಯವಲ್ಲ. ಶುಲ್ಕ ಕೊಟ್ಟು, ನಿಯಮಕ್ಕೊಳಪಟ್ಟು, ತನ್ನ ವಾಹನವನ್ನೂ ತನ್ನನ್ನೂ ಅರಿತುಕೊಳ್ಳುವ ಅಭ್ಯಾಸದ ದಿನ.

ಹಾಗಾದರೆ ಎಂತಹ ಟೈರು ಬೇಕು? ಹೊಸಬರು ಮೊದಲು ಮರುಳಾಗುವುದು ಗೀರುಗಳೇ ಇಲ್ಲದ ನುಣುಪಾದ ‘ಸ್ಲಿಕ್’ ಟೈರಿಗೆ. ಟೈರಿನ ಗೀರುಗಳಿರುವುದು ನೀರನ್ನು ಹೊರದೂಡುವುದಕ್ಕಾಗಿ. ಒಣ ಪಥದಲ್ಲಿ ಗೀರಿಲ್ಲದ ಟೈರು ಹೆಚ್ಚು ರಬ್ಬರನ್ನು ನೆಲಕ್ಕೆ ಒಪ್ಪಿಸುತ್ತದೆ, ನಿಜ. ಆದರೆ ಆ ರಬ್ಬರಿನ ಹದವೇ ಬೇರೆ. ಅದು ಚೆನ್ನಾಗಿ ಕಾದ ಮೇಲಷ್ಟೇ ನೆಲವನ್ನು ಹಿಡಿಯುತ್ತದೆ. ಪಂದ್ಯದವರು ವಿದ್ಯುತ್ ಕಂಬಳಿ ಹೊದಿಸಿ ಅದನ್ನು ಸುಮಾರು 80 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿಯೇ ಹೊರಡುವುದು. ನಿಧಾನವಾಗಿ ಓಡಿಸುವ ಹೊಸಬನಲ್ಲಿ ಅದು ಕಾವನ್ನು ಉಳಿಸಿಕೊಳ್ಳದೆ ಜಾರಬಹುದು. ಮಳೆ ಬಂದರಂತೂ ಕೇಳುವುದೇ ಬೇಡ. ಆದ್ದರಿಂದ ಮೊದಲ ದಿನಗಳಿಗೆ ಬೇಗನೆ ಕಾವೇರುವ, ರಸ್ತೆಗೂ ಪಥಕ್ಕೂ ಸಲ್ಲುವ ‘ಸ್ಪೋರ್ಟ್’ ವರ್ಗದ ಟೈರೇ ಮೇಲು. ಮುಂದಿನದು ಹಿಂದಿನದು ಎರಡೂ ಒಂದೇ ಜೋಡಿಯವಾಗಿರಲಿ.

ಕೊಳ್ಳುವಾಗ ಟೈರಿನ ಪಕ್ಕದ ಬರಹವನ್ನು ಓದಬೇಕು. ಅಲ್ಲಿರುವ ವೇಗದ ಅಕ್ಷರ ಅದರ ಮಿತಿಯನ್ನು ಹೇಳುತ್ತದೆ: ಪಿ ಎಂದರೆ ಗಂಟೆಗೆ 150 ಕಿಲೋಮೀಟರ್, ಎಸ್ ಎಂದರೆ 180, ಎಚ್ ಎಂದರೆ 210. ನಾಲ್ಕು ಅಂಕಿಗಳ ಇನ್ನೊಂದು ಗುರುತು ಟೈರಿನ ಜಾತಕ. 2324 ಎಂದಿದ್ದರೆ ಅದು ಹುಟ್ಟಿದ್ದು 2024ರ 23ನೆಯ ವಾರದಲ್ಲಿ. ಗೀರು ಸವೆಯದಿದ್ದರೂ ವಯಸ್ಸಾದ ರಬ್ಬರು ಗಡುಸಾಗಿ ಹಿಡಿತ ಕಳೆದುಕೊಂಡಿರುತ್ತದೆ.

ಇನ್ನು ಗಾಳಿಯ ಒತ್ತಡ. 30 ಡಿಗ್ರಿಯ ತಂಪಿನಲ್ಲಿ ಚದರ ಅಂಗುಲಕ್ಕೆ 30 ಪೌಂಡಿನಷ್ಟು ತುಂಬಿದ ಗಾಳಿ 70 ಡಿಗ್ರಿಗೆ ಕಾದಾಗ ಸುಮಾರು 36 ಪೌಂಡು ತೋರಿಸುತ್ತದೆ. ಒತ್ತಡ ಅತಿಯಾದರೆ ನೆಲ ಮುಟ್ಟುವ ಅಂಗೈ ಮುದುಡುತ್ತದೆ. ತೀರ ಕಡಿಮೆಯಾದರೆ ಟೈರು ಬಳುಕಿ ಮಿತಿಮೀರಿ ಕಾಯುತ್ತದೆ. ಆದುದರಿಂದ ತಯಾರಕರು ಪಥಕ್ಕೆಂದು ಹೇಳುವ ಅಂಕಿಯನ್ನು ಕೇಳಿಕೊಂಡು, ಓಡಿಸಿ ಬಂದ ಕೂಡಲೇ ಅಳೆದು ಸರಿಪಡಿಸಬೇಕು.

ಬ್ರೇಕಿಗೂ ಇಲ್ಲಿ ಕಠಿಣ ಪರೀಕ್ಷೆ. ಸವಾರನೂ ಸೇರಿ 275 ಕಿಲೋಗ್ರಾಂ ತೂಗುವ ವಾಹನವನ್ನು ಗಂಟೆಗೆ 100 ಕಿಲೋಮೀಟರ್ ವೇಗದಿಂದ ಒಮ್ಮೆ ನಿಲ್ಲಿಸಿದಾಗ ಹುಟ್ಟುವ ಶಾಖ, ಲೀಟರಿನ ಮೂರನೆಯ ಒಂದು ಪಾಲು ನೀರನ್ನು ಕುದಿಸಬಲ್ಲುದು. ವೇಗ ಇಮ್ಮಡಿಯಾದರೆ ಶಾಖ ನಾಲ್ಮಡಿ. ಬ್ರೇಕಿನ ದ್ರವವಾದರೋ ಗಾಳಿಯ ತೇವವನ್ನು ಹೀರುವ ಗುಣದ್ದು. ಡಾಟ್ 4 ದರ್ಜೆಯ ಹೊಸ ದ್ರವ 230 ಡಿಗ್ರಿಯವರೆಗೆ ಕುದಿಯಬಾರದೆಂದು ನಿಯಮ. ತೇವಗೊಂಡದ್ದಕ್ಕೆ ಆ ಮಿತಿ 155 ಡಿಗ್ರಿ ಮಾತ್ರ. ದ್ರವ ಕುದಿದರೆ ಹಿಡಿಕೆ ಒತ್ತಿದರೂ ಬ್ರೇಕು ಹಿಡಿಯದು. ಹೊರಡುವ ಮುನ್ನ ಹೊಸ ದ್ರವ, ದಪ್ಪವುಳಿದ ಪ್ಯಾಡುಗಳು ಅತ್ಯಗತ್ಯ.

ಉಳಿದ ಸಿದ್ಧತೆ ಸರಳವಾದುದು. ಕನ್ನಡಿಗಳನ್ನು ಬಿಚ್ಚುವುದು; ಬಿದ್ದರೆ ಗಾಜು ಚೆದುರದಂತೆ ದೀಪಗಳಿಗೆ ಅಂಟುಪಟ್ಟಿ ಹಚ್ಚುವುದು; ಚೈನಿನ ಬಿಗುವು ನೋಡಿ, ಹೆಚ್ಚಿನ ಎಣ್ಣೆ ಒರೆಸುವುದು; ಆಯಿಲ್ ಬೋಲ್ಟು ಕಳಚದಂತೆ ತಂತಿಯಿಂದ ಬಿಗಿಯುವುದು. ರೇಡಿಯೇಟರಿನ ಕೂಲೆಂಟ್ ನೆಲಕ್ಕೆ ಚೆಲ್ಲಿದರೆ ಬಹಳ ಜಾರುವುದರಿಂದ ಅನೇಕ ಕಡೆ ಬರಿಯ ನೀರನ್ನೇ ತುಂಬಿಸಲು ಹೇಳುತ್ತಾರೆ. ಇವುಗಳಲ್ಲಿ ಹಲವು ನಮಗಾಗಿ ಅಲ್ಲ, ನಮ್ಮ ಹಿಂದೆ ಬರುವವನಿಗಾಗಿ. ತನ್ನ ಮೈಗೆ ಚರ್ಮದ ಉಡುಪು, ಕೈಗವಸು, ಪಾದರಕ್ಷೆ, ಪೂರ್ಣ ಶಿರಸ್ತ್ರಾಣ ಇರಲೇಬೇಕು.

ಟೈರಿನ ಹಿಡಿತ ಒಂದು ಕೈಚೀಲದ ಹಣವಿದ್ದಂತೆ. ಬ್ರೇಕಿಗೆ ಹೆಚ್ಚು ವೆಚ್ಚವಾದರೆ ತಿರುವಿಗೆ ಕಡಿಮೆ ಉಳಿಯುತ್ತದೆ. ವಾಲಿರುವಾಗಲೇ ಬಲವಾಗಿ ಬ್ರೇಕು ಹಿಡಿದವನು ಸಾಲಗಾರನಾಗುತ್ತಾನೆ, ಆ ಸಾಲವನ್ನು ನೆಲ ಅಲ್ಲಿಯೇ ವಸೂಲು ಮಾಡುತ್ತದೆ. ಆದ್ದರಿಂದ ಮೊದಲ ಸುತ್ತುಗಳು ಟೈರು ಕಾಯುವುದಕ್ಕೂ ಮನಸ್ಸು ತಣಿಯುವುದಕ್ಕೂ ಮೀಸಲಾಗಿರಲಿ. ಸಂಜೆ ಹೊರಡುವಾಗ ಕನ್ನಡಿ, ದೀಪಗಳನ್ನು ಮೊದಲಿನಂತೆ ಮಾಡಿ, ತಗ್ಗಿಸಿದ ಗಾಳಿಯನ್ನು ಮತ್ತೆ ತುಂಬಿಸಬೇಕು. ಆ ಗಾಳಿಯೊಡನೆ ರಸ್ತೆಗೆ ತಕ್ಕ ಸಂಯಮವನ್ನೂ ತುಂಬಿಕೊಂಡು ಮನೆ ಸೇರಿದ ಸವಾರನು ಆ ದಿನದ ಪಾಠವನ್ನು ನಿಜವಾಗಿ ಕಲಿತವನು.