ಮಕ್ಕಳ ಹಲ್ಲು, ನಮ್ಮ ಹಕ್ಕು

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಪಗಾರ, ಬೋನಸ್ಸು, ರಜೆಗಳ ಮಾತನ್ನು ನಾವು ಇಲ್ಲಿ ಎಷ್ಟೋ ಸಲ ಆಡಿದ್ದೇವೆ. ಇಂದು ನಮ್ಮ ಮಕ್ಕಳ ಹಲ್ಲಿನ ಮಾತು. ಸಭೆಯಲ್ಲಿ ಆಡುವ ಮಾತೇ ಇದು ಎಂದು ನಗಬೇಡಿ. ಹಲ್ಲುನೋವಿನಿಂದ ರಾತ್ರಿಯೆಲ್ಲ ಅತ್ತ ಮಗು ಮರುದಿನ ಶಾಲೆ ತಪ್ಪಿಸುತ್ತದೆ. ತಾಯಿ ಕೆಲಸ ತಪ್ಪಿಸುತ್ತಾಳೆ. ಖಾಸಗಿ ಡಾಕ್ಟರರ ಮೆಟ್ಟಿಲು ಹತ್ತಿದರೆ ತಿಂಗಳ ರೇಶನ್ನಿನ ದುಡ್ಡಿಗೇ ಸಂಚಕಾರ.

"ಹಾಲುಹಲ್ಲು ತಾನೇ, ಬಿದ್ದುಹೋಗುತ್ತದೆ" ಎನ್ನುವವರು ನಮ್ಮಲ್ಲಿ ಬಹಳ. ಆದರೆ ಹಾಲುಹಲ್ಲು ಮುಂದಿನ ಹಲ್ಲಿಗೆ ಜಾಗ ಕಾಯುತ್ತದೆ. ಅದು ಹೊತ್ತಿಗೆ ಮುಂಚೆ ಹೋದರೆ ಹೊಸ ಹಲ್ಲು ಸೊಟ್ಟಗೆ ಬರಬಹುದು. ಆರನೆಯ ವರುಷದ ಸುಮಾರಿಗೆ ಎಲ್ಲಕ್ಕೂ ಹಿಂದೆ ಮೂಡುವ ದವಡೆ ಹಲ್ಲಂತೂ ಹಾಲುಹಲ್ಲೇ ಅಲ್ಲ. ಅದು ಹೋದರೆ ಮತ್ತೆ ಬಾರದು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹುಟ್ಟಿನಿಂದ 18 ವರುಷದವರೆಗಿನ ಮಕ್ಕಳಿಗಾಗಿ ಇದೆ. ಹುಳುಕು ಹಲ್ಲು, ಸೀಳು ತುಟಿ ಎರಡೂ ಅದರ ಪಟ್ಟಿಯಲ್ಲಿವೆ. ವೈದ್ಯರ ತಂಡ ಅಂಗನವಾಡಿಗೆ ವರುಷಕ್ಕೆ ಎರಡು ಸಲ, ಸರಕಾರಿ ಮತ್ತು ಅನುದಾನಿತ ಶಾಲೆಗೆ ಒಂದು ಸಲ ಬರಬೇಕೆಂಬುದು ನಿಯಮ. ಮುಂದಿನ ಚಿಕಿತ್ಸೆಯೂ ಉಚಿತ. ಊರಲ್ಲಿ ಅಜ್ಜಿಯ ಬಳಿ ಬಿಟ್ಟುಬಂದ ಮಕ್ಕಳಿಗೂ ಇದು ಉಂಟು. ತಂಡ ಕೊಟ್ಟ ಚೀಟಿ ಪುಸ್ತಕದ ಚೀಲದಲ್ಲೇ ಉಳಿಯದಿರಲಿ. ತಂಡ ಬಾರದಿದ್ದರೆ ಹೆಡ್ಮಾಸ್ತರರನ್ನು ಹೋಗಿ ಕೇಳೋಣ.

ಈ ಮುಂಬಯಿಯಲ್ಲೇ ಎರಡು ದೊಡ್ಡ ಬಾಗಿಲುಗಳಿವೆ: ಮುಂಬಯಿ ಸೆಂಟ್ರಲಿನ ಬಳಿ ನಗರಪಾಲಿಕೆಯ ನಾಯರ್ ದಂತ ಆಸ್ಪತ್ರೆ, ಕೋಟೆ ಭಾಗದಲ್ಲಿ ಸೇಂಟ್ ಜಾರ್ಜ್ ಆಸ್ಪತ್ರೆಯ ಮಗ್ಗುಲಿಗೆ ಸರಕಾರಿ ದಂತ ಕಾಲೇಜು. ಎರಡರಲ್ಲೂ ಮಕ್ಕಳ ಹಲ್ಲಿಗೆಂದೇ ವಿಭಾಗವಿದೆ.

ಇ.ಎಸ್.ಐ. ಇದ್ದವರು ಕೇಳಿರಿ. 2019ರ ದರದಂತೆ ನಮ್ಮ ಪಗಾರದ ನೂರು ರೂಪಾಯಿಗೆ ಮುಕ್ಕಾಲು ರೂಪಾಯಿ ನಾವು, ಮೂರೂಕಾಲು ರೂಪಾಯಿ ಧಣಿಗಳು ಕಟ್ಟಬೇಕು. ಅಲ್ಲಿ ಸಿಗುವ ಔಷಧೋಪಚಾರ ಧರ್ಮಕ್ಕೆ ಸಿಕ್ಕಿದ್ದಲ್ಲ, ನಮ್ಮ ದುಡಿಮೆಯ ಪಾಲು. ಮಕ್ಕಳ ಹೆಸರು ಅದರಲ್ಲಿ ಸೇರಿದೆಯೇ? ಈ ವಾರವೇ ನೋಡಿಕೊಳ್ಳಿ.

ಇನ್ನು ನಿಜವಾದ ತೊಡಕು. ದವಾಖಾನೆಯಲ್ಲಿ ಚೀಟಿ ಮಾಡಿಸುವುದು ಬೆಳಿಗ್ಗೆ. ಹೋಟೆಲಿನಲ್ಲಿ ಗಿರಾಕಿ ನುಗ್ಗುವುದೂ ಬೆಳಿಗ್ಗೆ. ಗಿರಣಿಯ ಪಾಳಿಯೂ ಕಾಯುವುದಿಲ್ಲ. ಆದ್ದರಿಂದ ಮಗುವಿನ ಚಿಕಿತ್ಸೆಗೆ ಪಗಾರ ಕಡಿಯದೆ ಅರ್ಧ ದಿನದ ರಜೆ ಕೊಡಬೇಕೆಂಬ ಬೇಡಿಕೆಯನ್ನು ನಮ್ಮ ಪಟ್ಟಿಗೆ ಸೇರಿಸೋಣ. ಅದು ಸಿಗುವ ತನಕ ಒಬ್ಬರ ಪಾಳಿಯನ್ನು ಇನ್ನೊಬ್ಬರು ನೋಡಿಕೊಳ್ಳೋಣ. ರಜೆಯಿದ್ದವರು ನೆರೆಮನೆಯ ಮಗುವನ್ನೂ ಅದರ ತಾಯಿಯನ್ನೂ ಜತೆಗೆ ಕರೆದೊಯ್ಯಲಿ.

ರಾತ್ರಿ ಮಲಗುವ ಮುನ್ನ ಫ್ಲೋರೈಡ್ ಇರುವ ಪೇಸ್ಟಿನಿಂದ ಮಕ್ಕಳ ಹಲ್ಲುಜ್ಜಿಸಿರಿ. ಆರರೊಳಗಿನವರಿಗೆ ಬಟಾಣಿ ಕಾಳಿನಷ್ಟು, ಮೂರರೊಳಗಿನವರಿಗೆ ಅಕ್ಕಿ ಕಾಳಿನಷ್ಟು ಸಾಕು.

ಊರಿಗೆಲ್ಲ ಉಣಬಡಿಸುವ ನಮ್ಮ ಮಕ್ಕಳು ನೋವಿಲ್ಲದೆ ಅಗಿದು ಉಣ್ಣಲಿ.